ಕತ್ತರಿಸದೆ ಬಿಟ್ಟ ಕೊನೆಯ ಪ್ಯಾರಾ

2009. ನಾನಾಗ ಕೊನೆಯ ವರ್ಷದ ಬಿ.ಎ. ಓದುತ್ತಾ ತಿ. ನರಸೀಪುರದಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಮಾವ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಅತ್ತೆ ಅಲ್ಲೇ ಕೂತು ಗುಂಡಿಗಳಿಗೆ ಕಾಜಾ ಹೊಲಿಯುತ್ತಿದ್ದರು. ಯಾರು ಏನೇ ಹೇಳಲಿ, "ಸಾಕ್ಷಿ ಎಲ್ಲಿ?" ಅನ್ನುವುದು ನನ್ನ ಚಟ. ಅದಕ್ಕೇ ಮಾವ ನನ್ನನ್ನು ಲಾಯರಮ್ಮ ಎಂದೇ ಕರೆಯುತ್ತಿದ್ದರು.

ನಂಜನಗೂಡಿನಲ್ಲಿ ಚರ್ಚಾಸ್ಪರ್ಧೆಯಿತ್ತು. 'ಮಾತ್ರೆಗಿಂತ ಪಥ್ಯವೇ ಮೇಲು' ಎಂಬ ವಿಷಯ, ನನ್ನದು ವಿರೋಧ. ಸಾಕ್ಷಿ ಹುಡುಕುವಾಗ ಪತ್ರಿಕೆಯಲ್ಲಿ ಒಂದು ಲೇಖನ ಸಿಕ್ಕಿತು: ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರಲ್ಲಿ ಕರುಳಿನ ಕ್ಯಾನ್ಸರ್ ಕಡಿಮೆ ಕಾಣುತ್ತಿದೆಯಂತೆ! ಕುಣಿದುಬಿಟ್ಟೆ. ಮಾವನ ಕತ್ತರಿಯಲ್ಲೇ ಅದನ್ನು ಕತ್ತರಿಸಿಕೊಂಡೆ. ಕೊನೆಯ ಪ್ಯಾರಾ ಮಾತ್ರ ನನ್ನ ವಾದಕ್ಕೆ ಅಡ್ಡ ಬರುತ್ತಿತ್ತು; ಅದನ್ನು ಹಾಳೆಯಲ್ಲೇ ಬಿಟ್ಟೆ. ವೇದಿಕೆ ಮೇಲೆ ಮೇಜು ಗುದ್ದಿ, "ಸಕ್ಕರೆ ಮಾತ್ರೆಯೇ ಕರುಳಿಗೆ ಕಾವಲು!" ಎಂದೆ. ಮೊದಲ ಬಹುಮಾನ ಬಂತು. ಜೊತೆಗೆ ಬಂದಿದ್ದ ಮಾವ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಅವರು ನುಂಗುತ್ತಿದ್ದದ್ದೂ ಅದೇ ಮಾತ್ರೆ. ಆ ತುಂಡು ಕಾಗದವನ್ನು ಮಾತ್ರೆ ಡಬ್ಬಿಯೊಳಗೆ ಇಟ್ಟುಕೊಂಡರು.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅತ್ತೆ ಕಾಜಾ ಬಟ್ಟೆ ಬದಿಗಿಟ್ಟು ಹೇಳಿದರು: "ನಿಮ್ಮ ಮಾವಂಗೆ ಕಕ್ಕಸಲ್ಲಿ ರಕ್ತ ಓಯ್ತಾ ಅದೆ ಕಣವ್ವ. ಪ್ಯಾಂಟು ಸಡಿಲ ಅಂತ ಅವರೇ ಎರಡು ಸಲ ಒಲ್ದು ಬಿಗಿ ಮಾಡ್ಕೊಂಡವ್ರೆ. ಮೈಸೂರಿಗೆ ಓಗಿ ಟ್ಯೂಬ್ ಬಿಡಿಸಿ ನೋಡ್ಸಿ ಅಂದ್ರು ಡಾಕ್ಟ್ರು. ಒಲ್ಲೆ ಅಂತಾರೆ."

ಮಾವ ಮಿಷನ್ ತುಳಿಯುತ್ತಲೇ ಇದ್ದರು. "ಮೂಲವ್ಯಾಧಿ ಅಷ್ಟೇ. ಆ ಇನ್ನೊಂದು ಕಾಯಿಲೆ ನನಗೆ ಬರಕ್ಕಿಲ್ಲ. ನೀನೇ ಯೋಳಿದ್ದಲ್ಲ?" ಎಂದು ಡಬ್ಬಿಯಿಂದ ಆ ತುಂಡು ತೆಗೆದರು.

"ಮಾವ, ಕಡಿಮೆ ಅಂದ್ರೆ ಬರೋದೇ ಇಲ್ಲ ಅಂತಲ್ಲ!"

"ಆವತ್ತು ಮೇಜು ಗುದ್ದಿ ಯೋಳ್ದೆ, ಇವತ್ತು ಪಾರ್ಟಿ ಬದಲಾಯಿಸ್ತೀಯಾ? ಸಾಕ್ಷಿ ಎಲ್ಲಿ ಲಾಯರಮ್ಮ?"

ಆಗ ನೆನಪಾಯಿತು, ಆ ಕೊನೆಯ ಪ್ಯಾರಾ! ಮಾವ ಹಳೇ ಪೇಪರನ್ನು ರದ್ದಿಗೆ ಹಾಕುವವರಲ್ಲ. ಗಿರಾಕಿಗಳ ಅಳತೆಗೆ ಕತ್ತರಿಸಿ, ಹೆಸರು ಬರೆದು ಗೋಡೆಯ ಮೊಳೆಗೆ ಸಿಕ್ಕಿಸುತ್ತಿದ್ದರು. ಸ್ಟೂಲ್ ಹತ್ತಿ ಒಂದೊಂದೇ ಮೊಳೆಯಿಂದ ಕೀಳತೊಡಗಿದೆ. ತೋಳು, ಕಾಲರು, ಜೇಬು, ಎಲ್ಲ ನೆಲದ ಮೇಲೆ.

"ಲೇ, ಎಡ್‌ಮೇಷ್ಟ್ರ ಬೆನ್ನು ಕಣೇ ಅದು, ಅರೀಬ್ಯಾಡ!" ಮಾವ ಕೂಗಿದರು.

ಸಿಕ್ಕಿತು! ಬನ್ನೂರಿನ ಮದುಮಗನೊಬ್ಬನ ಷರ್ಟಿನ ತೋಳಿನಲ್ಲಿ, ನಾನು ಕತ್ತರಿಸಿದ್ದ ಅಂಚಿನ ಕೆಳಗೇ. ಮಾವನ ತುಂಡನ್ನು ಕಸಿದು ಪಕ್ಕಕ್ಕಿಟ್ಟೆ. ಅಂಚಿಗೆ ಅಂಚು ಕೂಡಿತು. ಜೋರಾಗಿ ಓದಿದೆ: ಇದು ಮಾತ್ರೆಯ ಗುಣವೇ ಎಂಬುದು ಇನ್ನೂ ಖಚಿತವಾಗಿಲ್ಲ, ಮಾತ್ರೆ ನುಂಗುವವರೂ ರಕ್ತ ಕಂಡರೆ ಪರೀಕ್ಷೆ ಮಾಡಿಸಲೇಬೇಕು.

"ಇದು ನಂಗೆ ಆವತ್ತೇ ಗೊತ್ತಿತ್ತು ಮಾವ. ಗೆಲ್ಲಬೇಕು ಅಂತ ಬಿಟ್ಟೆ."

ಮಿಷನ್ ನಿಂತಿತು. ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿ ಎದ್ದರು. "ತೀರ್ಪು ನಂದು. ಅಂಗಿ ಆಕ್ಕೊಳ್ಳಿ, ಬಸ್ಸಿಗೆ ಓಗವ."

ಮೈಸೂರಿನಲ್ಲಿ ನೋಡಿಸಿದರೆ ಕ್ಯಾನ್ಸರ್ ಗಡ್ಡೆಯೇ ಇತ್ತು. ಆದರೆ ಕರುಳಿನ ಗೋಡೆ ದಾಟಿರಲಿಲ್ಲ! ಆಪರೇಷನ್ ಆಯಿತು. ಎಚ್ಚರವಾದ ಮೇಲೆ ಮಾವ ಹೊಟ್ಟೆ ನೋಡಿಕೊಂಡು, "ಡಾಕ್ಟ್ರ ಕೈ ಪರವಾಗಿಲ್ಲ, ಒಲಿಗೆ ಸ್ವಲ್ಪ ದೂರ ದೂರ" ಅಂದರು. ನನಗೆ ನಗುವಿನೊಟ್ಟಿಗೇ ಅಳು ಬಂತು.

ಬಿಡಬೇಕಲ್ಲ ನಾನು? "ಹಾಗಾದ್ರೆ ಆ ಸಕ್ಕರೆ ಮಾತ್ರೆ ಕರುಳು ಕಾಯುತ್ತೆ ಅನ್ನೋದು ಸುಳ್ಳಾ ಡಾಕ್ಟ್ರೇ?" ಎಂದು ಕೇಳಿದೆ. ಅವರು ಹೇಳಿದರು: "ಸುಳ್ಳೂ ಅನ್ನಲ್ಲ, ನಿಜಾನೂ ಅನ್ನಲ್ಲ. ಈ ಕ್ಯಾನ್ಸರ್ ಬಂದೋರು ಆ ಮಾತ್ರೆ ತಗೊಂಡಿದ್ರೆ ಹೆಚ್ಚು ಕಾಲ ಬದುಕ್ತಾರೆ ಅಂತಲೂ ಕೆಲವರು ಹೇಳ್ತಿದಾರೆ. ಗೊತ್ತಾಗೋಕೆ ಕಾಲ ಬೇಕು. ಸಕ್ಕರೆಗೆ ಮಾತ್ರೆ ನುಂಗಲಿ, ಕರುಳಿಗೆ ಪರೀಕ್ಷೆಗೆ ಬರಲಿ." ಗೊತ್ತಿಲ್ಲ ಎಂದು ಅಷ್ಟು ಧೈರ್ಯವಾಗಿ ಹೇಳಿದವರನ್ನು ಯಾವ ವೇದಿಕೆ ಮೇಲೂ ನಾನು ಕಂಡಿರಲಿಲ್ಲ.

ಮಾವ ಈಗಲೂ ಹೊಲಿಯುತ್ತಾರೆ, ನಾನು ಈಗಲೂ ವಾದಿಸುತ್ತೇನೆ. ಎರಡೂ ತುಂಡುಗಳನ್ನು ಅವರು ಮಿಷನ್ನಿನಲ್ಲೇ ಜೋಡಿಸಿ ಹೊಲಿದು ಮಾತ್ರೆ ಡಬ್ಬಿಯಲ್ಲಿಟ್ಟಿದ್ದಾರೆ. ನಾನು ಯಾವುದಾದರೂ ಸ್ಪರ್ಧೆಗೆ ಹೊರಟರೆ ಡಬ್ಬಿ ಕುಲುಕಿ ಕೇಳುತ್ತಾರೆ: "ಪೂರ್ತಿ ಓದ್ದೇನವ್ವ?"