ಅರಮನೆಯ ಎಲೆ

ಕೊಕ್ಕರ್ಣೆಯಿಂದ ಸ್ವಲ್ಪ ಒಳಗೆ ಹೋದರೆ ನಮ್ಮ ಕುಟುಂಬದ್ದೊಂದು ಸಣ್ಣ ದೇವಸ್ಥಾನವಿದೆ. ಅದಕ್ಕೆ ಜಾಗ ಕೊಟ್ಟದ್ದು ಹಿಂದಿನ ಕಾಲದ ಒಂದು ಅರಸು ಮನೆತನವಂತೆ. ಹಾಗಾಗಿ ವರ್ಷದ ಪೂಜೆಯ ಊಟದಲ್ಲಿ ಪಂಕ್ತಿಯ ಮೊದಲ ಎಲೆ ಅರಮನೆಗೆ. ಅಲ್ಲಿ ಯಾರೂ ಕೂರುವುದಿಲ್ಲ. ಆ ಎಲೆಗೆ ಬಡಿಸಿ, ಕೈಮುಗಿದು, ಆಮೇಲೆ ಉಳಿದವರು ಉಣ್ಣುವುದು. ನಾನು ಕಂಡಷ್ಟು ವರ್ಷವೂ ಆ ಅನ್ನ ಕೊನೆಗೆ ದನಕ್ಕೇ ಹೋಗಿದೆ.

ಕಳೆದ ಸಲ ಮಾತ್ರ ಆ ಮನೆತನದವರೊಬ್ಬರು ನಿಜವಾಗಿಯೂ ಬಂದುಬಿಟ್ಟರು. ಶಂಕರನಾರಾಯಣದ ದೇವಸ್ಥಾನಕ್ಕೆ ಹೊರಟವರು ದಾರಿ ತಪ್ಪಿ, ನಮ್ಮ ಚಪ್ಪರ ಕಂಡು ದಾರಿ ಕೇಳಲು ಕಾರು ನಿಲ್ಲಿಸಿದ್ದು. ನನ್ನ ಪ್ರಾಯದ ಗಂಡಸು, ಸಾದಾ ಬಟ್ಟೆ. ಮಾತಿಗೆ ಮಾತು ಬಂದು ಯಾರ ಮನೆಯವರೆಂದು ಗೊತ್ತಾದದ್ದೇ ತಡ, ದೇವಸ್ಥಾನದ ಆಡಳಿತ ನೋಡುವ ನಮ್ಮ ಮೊಕ್ತೇಸರರಿಗೆ ಕೈಕಾಲೇ ಆಡಲಿಲ್ಲ. ದೇವರ ದರ್ಶನ ಮಾಡಿಸಿ, ಅಂಗಳದಲ್ಲಿ ನಿಲ್ಲಿಸಿಕೊಂಡು ದೇವಸ್ಥಾನದ ಕತೆ ಶುರುಮಾಡಿದರು.

ಇತ್ತ ಚಪ್ಪರದಲ್ಲಿ ನನ್ನ ಅಪ್ಪಯ್ಯ ಆಗಲೇ ಇನ್ಸುಲಿನ್ ಚುಚ್ಚಿಕೊಂಡಾಗಿತ್ತು. ಎಲೆ ಹಾಕಿದರೆಂದರೆ ಸೂಜಿ, ಅವರದು ಅಷ್ಟೇ ಲೆಕ್ಕ. ಎಲೆ ಹಾಕಿದ ಮೇಲೆ ಊಟ ತಡವಾದದ್ದು ನಮ್ಮಲ್ಲಿ ಇಲ್ಲವೇ ಇಲ್ಲ. ಹಿಂದೊಮ್ಮೆ ಮನೆಯಲ್ಲಿ ಚುಚ್ಚಿಕೊಂಡು ಉಣ್ಣಲು ಮರೆತು, ಸಕ್ಕರೆ ಇಳಿದು, ಕುಂದಾಪುರದ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದರು. ಇನ್ನೊಮ್ಮೆ ಹೀಗಾದರೆ ಉಳಿಸುವುದು ಕಷ್ಟ ಎಂದು ಡಾಕ್ಟರು ನನ್ನನ್ನು ಬದಿಗೆ ಕರೆದು ಹೇಳಿದ್ದರು.

ಎಲೆಗೆ ಪಲ್ಯ ಬಂತು, ಅನ್ನ ಬಂತು, ಸಾರೂ ಬಂತು. ಯಾರೂ ಮುಟ್ಟಲಿಲ್ಲ. ಅರಸರೇ ಅಂಗಳದಲ್ಲಿರುವಾಗ ಯಾರೂ ಕೂರದ ಎಲೆಗೆ ಕೈಮುಗಿದು ಉಣ್ಣುವುದು ಹೇಗೆ? ಕರೆಯಲೂ ಒಬ್ಬರಿಗೂ ಧೈರ್ಯವಿಲ್ಲ. ಕುಟುಂಬಕ್ಕೆ ಹಿರಿಯರಾದ ಅಪ್ಪಯ್ಯ ಅರಮನೆಯ ಎಲೆಯ ಪಕ್ಕದಲ್ಲೇ ಕೂತಿದ್ದರು. ಅವರ ಹಣೆಯಲ್ಲಿ ಬೆವರು ಕಂಡು ನಾನು ಅಡುಗೆಯವರಿಂದ ಬೆಲ್ಲ ಕೇಳಿ ತಂದೆ.

"ಬಾಯಿಗೆ ಹಾಕ್ಕಣಿ ಅಪ್ಪಯ್ಯ."

"ಅರಸ್ರ್ ಕೂರ್ದೆ ನಾ ಉಂಬುದಾ? ಮರ್ಯಾದಿ ಇಲ್ಯಾ ನಿಂಗೆ?"

"ಇದ್ ಊಟ ಅಲ್ಲ, ಮದ್ದ್ ಅಂದೇಳಿ ತಿನ್ನಿ."

ತುಟಿ ಬಿಗಿದರು. ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಸಕ್ಕರೆ ಇಳಿದರೆ ಹಟವೂ ಏರುತ್ತದೆ. ಮೊದಲೇ ಅವರು ಹಟದ ಮನುಷ್ಯ. ಬಲವಂತದಿಂದ ತುರುಕಲು ಹೋದೆ, ಕೈ ತಳ್ಳಿದರು. ಸುತ್ತ ಕೂತವರು "ಈಗ ಬತ್ರ್, ಈಗ ಬತ್ರ್" ಎನ್ನುತ್ತಿದ್ದರೇ ಹೊರತು ಎದ್ದವರಿಲ್ಲ. ನನಗೆ ಹೆದರಿಕೆಗಿಂತ ಹೆಚ್ಚು ಸಿಟ್ಟು ನೆತ್ತಿಗೇರಿತು. ಸೆರಗು ಸಿಕ್ಕಿಸಿ ಸೀದಾ ಅಂಗಳಕ್ಕೆ ಹೋದೆ.

ಮೊಕ್ತೇಸರರು ಕಣ್ಣು ಬಿಟ್ಟರು. ಬಿಡಲಿ. "ನೀವು ಬಂದು ಕೂರದೆ ನನ್ನ ಅಪ್ಪ ಉಣ್ಣುವುದಿಲ್ಲ. ಸಕ್ಕರೆ ಕಾಯಿಲೆಯವರು, ಇಂಜೆಕ್ಷನ್ ತೆಗೆದುಕೊಂಡಾಗಿದೆ. ಈಗ ಉಣ್ಣದಿದ್ದರೆ ಅವರು ಉಳಿಯುವುದಿಲ್ಲ" ಎಂದು ಬಂದವರಿಗೇ ಹೇಳಿದೆ. ನನ್ನ ದನಿ ನನಗೇ ಜಗಳದಂತೆ ಕೇಳಿಸಿತು.

ಅವರ ಮುಖ ಬಿಳುಚಿತು. "ನನಗಾಗಿ ಕಾಯ್ತಿದ್ದಾರಾ? ಯಾರೂ ಹೇಳಲೇ ಇಲ್ಲವಲ್ಲ. ನನಗಿವತ್ತು ಹರಕೆಯ ಉಪವಾಸ."

ಉಣ್ಣದವನಿಗಾಗಿ ಇಡೀ ಪಂಕ್ತಿ ಕಾದು ಕೂತಿದೆ. ನನಗೆ ಅಳು ಬಂತು. ಅವರು ಮತ್ತೇನೂ ಕೇಳದೆ ನನಗಿಂತ ಮುಂದೆ ಓಡಿದರು.

ಹೋಗಿ ಆ ಎಲೆಯ ಮುಂದೆ ಕೂತರು. ಕೈಯಲ್ಲಿ ನೀರು ಹಾಕಿಕೊಂಡು ಎಲೆಯ ಸುತ್ತ ಬಿಟ್ಟರು, ಅನ್ನಕ್ಕೆ ಸಾರು ಕಲಸಿದರು. "ಯಜಮಾನರೇ, ಉಣ್ಣುವ" ಎಂದರು. ಅಪ್ಪಯ್ಯ ಅವರತ್ತ ಕತ್ತು ತಿರುಗಿಸಿ, ತಲೆ ಬಾಗಿಸಿ, ಬಾಯಿ ತೆರೆದರು. ನಾನು ಬೆಲ್ಲ ಇಟ್ಟೆ. ಮೇಲಿಂದ ಪಾಯಸ ಕುಡಿಸಿದೆ. ಒಂದೆರಡು ಗುಟುಕು ಗದ್ದದ ಮೇಲೆಯೇ ಹರಿಯಿತು. ಬಹಳ ಹೊತ್ತು ಕಳೆದ ಮೇಲೆ ಅವರೇ ಕೈ ಚಾಚಿ ಅನ್ನ ಮುಟ್ಟಿದರು. ಆಗ ನನಗೆ ಉಸಿರು ಬಂತು.

ಮೊದಲ ಎಲೆಯವರು ಎದ್ದರೆ ಪಂಕ್ತಿಯೇ ಏಳಬೇಕು. ಅಪ್ಪಯ್ಯನ ಊಟವೋ, ಬಲು ನಿಧಾನ. ಆ ಮನುಷ್ಯ ಕಲಸಿದ ಅನ್ನದಲ್ಲಿ ಬೆರಳು ಆಡಿಸುತ್ತ ಕೂತೇ ಇದ್ದರು. ಒಂದು ಅಗುಳೂ ಬಾಯಿಗೆ ಹೋಗಲಿಲ್ಲ. ಅಪ್ಪಯ್ಯ ಮಜ್ಜಿಗೆ ಮುಗಿಸಿ ಇತ್ತ ತಿರುಗುವ ಮೊದಲೇ ಆ ಮನುಷ್ಯ ತುಂಬಿದ ಎಲೆಯನ್ನು ಮಡಚಿ, ತಾವೇ ಎತ್ತಿಕೊಂಡು ಹೊರಟರು.

ವಾಪಸು ಬರುವಾಗ ಕಾರಿನಲ್ಲಿ ಅಪ್ಪಯ್ಯ ಕೇಳಿದರು, "ಅರಸ್ರ್ ಲಾಯ್ಕ್ ಉಂಡ್ರಲ್ದಾ?"

"ಹೌದ್ ಅಪ್ಪಯ್ಯ, ಹೊಟ್ಟಿ ತುಂಬ ಉಂಡ್ರ್" ಎಂದೆ.