ಅರ್ಧ ಸೆಕೆಂಡಿನ ಒಡೆಯ

ಆ ಸೋಪಿನ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರಿಗೂ ಅವನು ‘ಡಾಕ್ಟ್ರು’. ಯಾವ ಯಂತ್ರ ಮುನಿಸಿಕೊಂಡರೂ ಡಾಕ್ಟ್ರು ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇರುಕಿಕೊಂಡು ಬಂದು, ಯಂತ್ರವನ್ನು ನಡೆಸುವ ಕಂಟ್ರೋಲರಿಗೆ ಕೇಬಲ್ ಚುಚ್ಚಿ, ಪ್ರೋಗ್ರಾಮಿನಲ್ಲಿ ಏನೋ ತಿದ್ದಿ, “ಹಾಕಿ ನೋಡಿ” ಅನ್ನುತ್ತಿದ್ದ. ಯಂತ್ರ ಓಡುತ್ತಿತ್ತು. ಅವನ ಎದೆ ಒಂದು ಗೇಣು ಉಬ್ಬುತ್ತಿತ್ತು. ಏನು ತಿದ್ದಿದೆ ಎಂದು ಮಾತ್ರ ಯಾರಿಗೂ ಬಾಯಿ ಬಿಡುತ್ತಿರಲಿಲ್ಲ. ಬಿಟ್ಟರೆ ಆಮೇಲೆ ಡಾಕ್ಟ್ರನ್ನು ಹುಡುಕಿಕೊಂಡು ಬರುವವರು ಯಾರು?

ಈ ಸುಖಕ್ಕೆ ಒಂದು ದಿನ ಕಲ್ಲು ಬಿತ್ತು. ಇನ್ನೊಬ್ಬ ಎಲೆಕ್ಟ್ರಿಷಿಯನ್ ತನ್ನ ಲ್ಯಾಪ್‌ಟಾಪಿನಲ್ಲಿದ್ದ ಹಳೆಯ ಪ್ರೋಗ್ರಾಮನ್ನು ಕತ್ತರಿಸುವ ಯಂತ್ರಕ್ಕೆ ತುಂಬಿಬಿಟ್ಟ. ಸಂಜೆಯವರೆಗೂ ಸೋಪುಗಳು ಅರ್ಧರ್ಧವೇ ಹೊರಬಿದ್ದವು. ಮ್ಯಾನೇಜರ್ ಕೆಂಡವಾದರು, ಹೊಸ ನಿಯಮ ತಂದರು. ಪ್ರೋಗ್ರಾಂ ಮುಟ್ಟುವ ಮೊದಲು ಹೇಳಬೇಕು, ಕಾರಣ ಕೊಡಬೇಕು, ತಿದ್ದಿದ ಮೇಲೆ ಅದರ ಪ್ರತಿಯನ್ನು ಒಂದೇ ಕಂಪ್ಯೂಟರಿನಲ್ಲಿ ಇಡಬೇಕು. ಹೇಳದೆ ಮುಟ್ಟಿದವರ ಪಾಸ್‌ವರ್ಡ್ ಅವತ್ತೇ ರದ್ದು. ಆ ಕಂಪ್ಯೂಟರ್ ನೋಡಿಕೊಳ್ಳಲು ಒಬ್ಬರು ಬೇಕಾಗಿತ್ತು. ಆ ಕುರ್ಚಿ ತನ್ನದೇ ಎಂದುಕೊಂಡು ಡಾಕ್ಟ್ರು ಇಸ್ತ್ರಿ ಅಂಗಿ ಹಾಕಿಕೊಂಡು ಹೋದ. ಕುರ್ಚಿ ಸಿಕ್ಕಿದ್ದು ಡ್ರಾಯಿಂಗ್ ವಿಭಾಗದ ಒಬ್ಬ ಹೆಂಗಸಿಗೆ. ಆ ಹೆಂಗಸು ಅವನ ಹೆಂಡತಿ.

ಬೇರೆ ಯಾರಾದರೂ ಆಗಿದ್ದರೆ ಮನೆಗೆ ಹೋಗಿ ಹೆಂಡತಿಯ ಮುಂದೆ ಅವರನ್ನು ಬೈದು ಹಗುರಾಗಬಹುದಿತ್ತು. ಹೆಂಡತಿಯನ್ನೇ ಬೈಯಬೇಕೆಂದರೆ ಪಾಪ, ಎಲ್ಲಿಗೆ ಹೋಗುತ್ತಾನೆ?

“ಏನ್ ಡಾಕ್ಟ್ರೇ, ಮನೇಲೂ ಪರ್ಮಿಷನ್ನು, ಇಲ್ಲೂ ಪರ್ಮಿಷನ್ನು!” ಎಂದು ಕ್ಯಾಂಟೀನಿನಲ್ಲಿ ಎಲ್ಲರೂ ಕಾಲೆಳೆದರು. ಅವನು ಹಲ್ಲು ಕಿರಿದ. ಒಳಗೆ ಹೊಟ್ಟೆ ಉರಿಯುತ್ತಿತ್ತು. ಅವಳ ಮೇಜಿನ ಮುಂದೆ ಜನ ನಿಂತಿದ್ದು ಕಂಡರೆ ಉರಿ, ಮ್ಯಾನೇಜರ್ ಅವಳನ್ನು ‘ಮೇಡಂ’ ಎಂದರೆ ಉರಿ. ಮನೆಯಲ್ಲಿ ಮಾತಿಗೊಮ್ಮೆ “ರೀ” ಅನ್ನುವವಳು ಅಲ್ಲಿ ಅವನನ್ನು ಯಾವ ಹೆಸರಿನಿಂದಲೂ ಕರೆಯದೆ, “ಕಾರಣ ಏನು, ಹೇಳಿ” ಎಂದು ಕೇಳುತ್ತಿದ್ದಳು. ಅದಕ್ಕಂತೂ ಮೈಯೆಲ್ಲ ಉರಿ.

ಅಷ್ಟರಲ್ಲಿ ಪೆಟ್ಟಿಗೆ ತುಂಬುವ ಯಂತ್ರ ಕೈಕೊಡತೊಡಗಿತು. ಪೆಟ್ಟಿಗೆ ನೆಟ್ಟಗೆ ನಿಲ್ಲುವ ಮೊದಲೇ ಯಂತ್ರದ ತೋಳು ಸೋಪುಗಳನ್ನು ನೂಕುತ್ತಿತ್ತು. ಪೆಟ್ಟಿಗೆ ಅಪ್ಪಚ್ಚಿ, ಸೋಪು ನೆಲದ ಪಾಲು. ಪೆಟ್ಟಿಗೆ ಬಂದದ್ದನ್ನು ಗುರುತಿಸುವ ಸೆನ್ಸರನ್ನು ಎಲ್ಲರೂ ಒರೆಸಿ ಒರೆಸಿ ಸುಸ್ತಾದರು. ಡಾಕ್ಟ್ರಿಗೆ ಮಾತ್ರ ರೋಗ ತಿಳಿಯಿತು. ಎಲ್ಲರೂ ಊಟಕ್ಕೆ ಹೋದಾಗ ಕೇಬಲ್ ಚುಚ್ಚಿ, ತೋಳು ನೂಕುವ ಮುನ್ನ ಅರ್ಧ ಸೆಕೆಂಡು ಕಾಯುವಂತೆ ತಿದ್ದಿದ. ಯಂತ್ರ ಸರಿಹೋಯಿತು. ಅವಳಿಗೆ ಹೇಳಲಿಲ್ಲ. ‘ನನ್ನ ತಲೆಯಿಂದ ಬಂದದ್ದನ್ನು ಅವಳ ಮುಂದೆ ಯಾಕೆ ಒಪ್ಪಿಸಲಿ?’ ಎಂದು ಹಲ್ಲು ಕಚ್ಚಿಕೊಂಡ.

ಕೆಲವು ವಾರ ಕಳೆದ ಮೇಲೆ ಆ ಯಂತ್ರದ ಕಂಟ್ರೋಲರ್ ಸುಟ್ಟುಹೋಯಿತು. ಹೊಸದನ್ನು ಕೂರಿಸಿದರು. ಅದಕ್ಕೆ ತುಂಬಬೇಕಾದದ್ದು ಹೆಂಡತಿಯ ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನು. ಅದರಲ್ಲಿ ತನ್ನ ಅರ್ಧ ಸೆಕೆಂಡು ಇಲ್ಲ ಎಂಬುದು ತನಗೊಬ್ಬನಿಗೇ ಗೊತ್ತು ಎಂದುಕೊಂಡ ಡಾಕ್ಟ್ರು. ಈಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಕೈಕಟ್ಟಿಕೊಂಡು ಗೋಡೆಗೊರಗಿ ನಿಂತ. ಪೆಟ್ಟಿಗೆಗಳು ಮುರಿಯಲಿ, ಮ್ಯಾನೇಜರ್ ಕೂಗಾಡಲಿ, ಅವಳ ಮುಖ ಸಪ್ಪಗಾಗಲಿ, ಆಮೇಲೆ ಎಲ್ಲರೂ ತನ್ನ ಕಡೆ ತಿರುಗಲಿ! ನಾಚಿಕೆಗೆಟ್ಟ ಆಸೆ. ಆದರೂ ಅದನ್ನು ಅವನು ಚಪ್ಪರಿಸುತ್ತಿದ್ದ.

ಯಂತ್ರ ಹೊರಟಿತು. ಪೆಟ್ಟಿಗೆ ಬಂದು ನಿಂತಿತು. ತೋಳು ಅರ್ಧ ಸೆಕೆಂಡು ಕಾದು ನಿಂತಿತು. ನೂಕಿತು. ಪೆಟ್ಟಿಗೆ ಅಚ್ಚುಕಟ್ಟಾಗಿ ತುಂಬಿ ಮುಂದೆ ಹೋಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು.

ಡಾಕ್ಟ್ರು ಕಣ್ಣು ಕಣ್ಣು ಬಿಟ್ಟ.

ಮ್ಯಾನೇಜರ್ ಅವಳ ಕಂಪ್ಯೂಟರಿನ ಪರದೆಯನ್ನು ಬಗ್ಗಿ ನೋಡಿ, “ಅರೆ, ಇಲ್ಲೊಂದು ಸಣ್ಣ ಕಾಯುವಿಕೆ ಹಾಕಿದೀರಲ್ಲ ಮೇಡಂ! ಅದಕ್ಕೇ ಇಷ್ಟು ದಿನ ಪೆಟ್ಟಿಗೆ ಮುರೀಲಿಲ್ಲ. ನಿಮ್ಮದೇ ಹೆಸರಿದೆ. ಭಲೇ! ಇಲ್ಲಿ ಇಷ್ಟು ಜನ ಇದ್ರೂ ಯಾರಿಗೂ ಹೊಳೀಲಿಲ್ಲ ನೋಡಿ,” ಎಂದರು.

ಅವಳು ಗಂಡನ ಕಡೆ ನೋಡಿ, ಸುಮ್ಮನಿರಿ ಎಂಬಂತೆ ಸ್ವಲ್ಪವೇ ತಲೆಯಾಡಿಸಿದಳು. ಅದು ಅವನ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಕುರ್ಚಿ ಕಿತ್ತುಕೊಂಡಳು, ಈಗ ಅರ್ಧ ಸೆಕೆಂಡನ್ನೂ ಕಿತ್ತುಕೊಂಡಳು!

“ಅದು ನನ್ನದು ಸಾರ್! ತಿದ್ದಿದ್ದು ನಾನು, ಅವಳಲ್ಲ!”

ಮಾತು ಬಾಯಿಂದ ಜಾರಿತ್ತು. ಮ್ಯಾನೇಜರ್ ಮೆಲ್ಲಗೆ ತಿರುಗಿದರು.

“ಯಾರಿಗೆ ಹೇಳಿ ತಿದ್ದಿದ್ರಿ?”

ಅವನ ಕಣ್ಣು ಹೆಂಡತಿಯ ಕಡೆ ಹೋಯಿತು. ಮ್ಯಾನೇಜರ್ ಅವಳನ್ನು ಕೇಳಿದರು. ಅವಳು ಮುಚ್ಚಿಡಲಿಲ್ಲ. ದಿನಾ ಬೆಳಿಗ್ಗೆ ಯಂತ್ರಗಳಲ್ಲಿರುವುದನ್ನೂ ತನ್ನ ಪ್ರತಿಗಳನ್ನೂ ಹೋಲಿಸಿ ನೋಡುವುದು ಅವಳ ಕೆಲಸ. ಅವನು ತಿದ್ದಿದ ಮರುದಿನವೇ ಅದು ಅವಳಿಗೆ ಕಂಡಿತ್ತು. ಯಾರ ಕೈ ಎಂದೂ ಗೊತ್ತಾಗಿತ್ತು. ಒಳ್ಳೆಯ ತಿದ್ದುಪಡಿ ಎಂದು ಪ್ರತಿಯಲ್ಲಿ ಸೇರಿಸಿ, ತನ್ನ ಹೆಸರು ಹಾಕಿದ್ದಳು.

“ಸುಳ್ಳು ಹೆಸರು ಹಾಕೋರನ್ನ ಈ ಕುರ್ಚೀಲಿ ಕೂರಿಸೋಕಾಗಲ್ಲ ಮೇಡಂ,” ಎಂದರು ಮ್ಯಾನೇಜರ್, ಬೇಸರದಿಂದಲೇ. ಅವಳು ಡ್ರಾಯಿಂಗ್ ವಿಭಾಗಕ್ಕೆ ವಾಪಸ್ಸು. ಡಾಕ್ಟ್ರ ಪಾಸ್‌ವರ್ಡ್ ರದ್ದು. ಇನ್ನು ಅವನ ಪಾಲಿಗೆ ಸ್ಪ್ಯಾನರ್ ಮತ್ತು ಒರೆಸುವ ಬಟ್ಟೆ.

ಸಂಜೆ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಇಬ್ಬರ ಬಟ್ಟೆಯಿಂದಲೂ ಅದೇ ಸೋಪಿನ ವಾಸನೆ.

“ಒಂದು ಗಳಿಗೆ ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವೇನ್ರೀ ನಿಮಗೆ?” ಎಂದಳು ಅವಳು.

“ನನ್ನ ಕೆಲಸಕ್ಕೆ ನಿನ್ನ ಹೆಸರು ಯಾಕೆ ಹಾಕ್ದೆ?”

“ನಿಮ್ಮ ಹೆಸರು ಹಾಕಿದ್ರೆ ಅವತ್ತೇ ನಿಮ್ಮ ಪಾಸ್‌ವರ್ಡ್ ಹೋಗ್ತಿತ್ತು. ಜನ ಡಾಕ್ಟ್ರು ಅನ್ನೋದು ಬಿಟ್ರೆ ನಿಮಗೆ ಅನ್ನ ಇಳಿಯುತ್ತಾ? ನೀವೇ ಬಂದು ಹೇಳ್ತೀರಾ ಅಂತ ದಿನಾ ಕಾದೆ.”

ತಪ್ಪಾಯಿತು ಅನ್ನಬೇಕು ಎಂದುಕೊಂಡ ಅವನು. ಬಾಯಿ ತೆರೆದಾಗ ಬಂದದ್ದು ಬೇರೆ ಮಾತು.

“ಮತ್ತೆ, ಈಗ ಆ ಪ್ರತೀಲಿ ಹೆಸರು ಬದಲಾಯಿಸಿದ್ರಾ ಅವರು?”

ಅವಳು ತಿರುಗಿ ಅವನನ್ನೇ ನೋಡಿದಳು. “ಹೂಂ. ಆ ಕುರ್ಚಿಯಿಂದ ಏಳೋಕೆ ಮುಂಚೆ ನಾನೇ ಬದಲಾಯಿಸ್ದೆ. ನಿಮ್ಮ ಹೆಸರೇ ಇದೆ.”

ಅವನು ಸರಕ್ಕನೆ ಕಿಟಕಿಯ ಕಡೆ ಮುಖ ತಿರುಗಿಸಿದ. ಹೊರಗೆ ಕತ್ತಲಾಗಿತ್ತು. ತಡೆಯಲಾರದೆ ಅವನು ನಕ್ಕದ್ದು ಕಿಟಕಿಯ ಗಾಜಿನಲ್ಲಿ ಅವಳಿಗೆ ಕಂಡಿತು.