ಹಿಡಿದುಕೊಂಡ ಕೈ
ನಮ್ಮ ಬೀದಿಯ ಕಂಪ್ಯೂಟರ್ ರಿಪೇರಿಯವನು ಫೈಲುಗಳೊಡನೆ ಆಡುವ ಮಾತು ಕೇಳಿದರೆ ಹೊಸಬರ ಎದೆ ಧಸಕ್ಕೆನ್ನುತ್ತದೆ. "ಮರ್ಯಾದೆಯಾಗಿ ಹೋಗ್ತೀಯೋ, ಕತ್ತು ಹಿಡಿದು ದಬ್ಬಲೋ?" ಎಂದು ಅವನು ಪರದೆಗೆ ಗದರಿದಾಗ, ತಮಗೇ ಅಂದನೆಂದು ಗಿರಾಕಿಗಳು ಎರಡು ಹೆಜ್ಜೆ ಹಿಂದೆ ಸರಿದದ್ದುಂಟು. ಅವನ ಡಿಲೀಟ್ ಗುಂಡಿಯ ಅಕ್ಷರಗಳು ಎಂದೋ ಸವೆದುಹೋಗಿವೆ. ಯಾರಿಗೂ ಜಗ್ಗದ ಮೊಂಡು ಫೈಲನ್ನು ಅವನು ಚಹಾ ಆರುವುದರೊಳಗೆ ಅಳಿಸುತ್ತಾನೆ. "ಫೈಲಿಂದೇನೂ ತಪ್ಪಿಲ್ಲ ಸಾರ್. ಒಳಗೆ ಯಾವುದೋ ಪ್ರೋಗ್ರಾಂ ಅದನ್ನ ತೆರೆದು ಹಿಡ್ಕೊಂಡಿರುತ್ತೆ. ಆ ಕೈ ಬಿಡಿಸಿದ್ರೆ ತಾನೇ ಹೋಗುತ್ತೆ" ಎಂಬುದು ಅವನ ವೇದವಾಕ್ಯ. ಅಂಥವನನ್ನು ಮೊನ್ನೆ ನಾನು ಅಲ್ಲೇ ಕೂತಿದ್ದಾಗ ಅಂಗಡಿಯ ಹಿಂದಿನ ಮನೆಯಿಂದ ಅವನ ಅಪ್ಪ ಕೂಗಿ ಕೇಳಿದರು: "ನಿನ್ನ ತಂಗಿ ವಿಡಿಯೊ ಅಳಿಸಿದೆಯೇನೋ? ಓಡಿಹೋದವಳ ಮುಖ ಈ ಮನೇಲಿ ಇರಕೂಡದು." ಇವನು ತಲೆ ತಗ್ಗಿಸಿ, "ನಾಲ್ಕು ವರ್ಷದಿಂದ ಒದ್ದಾಡ್ತಿದ್ದೀನಪ್ಪ, ಅದೊಂದು ನನ್ನ ಕೈಲಿ ಆಗ್ತಿಲ್ಲ" ಎಂದ. ನಾನು ದಂಗಾದೆ. ಇವನ ಕೈಲಿ ಆಗುವುದಿಲ್ಲವೆಂದರೇನು! ಬಗ್ಗಿ ನೋಡಿದೆ. ಪರದೆಯ ಮೂಲೆಯಲ್ಲಿ, ಬೆಂಕಿಪೊಟ್ಟಣದಷ್ಟು ಕಿಟಕಿಯೊಂದರಲ್ಲಿ, ಆ ವಿಡಿಯೊ ಓಡುತ್ತಲೇ ಇತ್ತು; ಅವನ ತಂಗಿ ಸದ್ದಿಲ್ಲದೆ ನಗುತ್ತಿದ್ದಳು. ಅಪ್ಪ ಕನ್ನಡಕ ಏರಿಸುತ್ತಾ ಬಂದು ನಿಂತರು. ಅವರ ಕಣ್ಣೆದುರೇ ಇವನು ಗುಂಡಿ ಒತ್ತಿದ. ಫೈಲು ತೆರೆದಿದೆ, ಅಳಿಸಲಾಗದು ಎಂದು ಕಂಪ್ಯೂಟರ್ ಬರೆದು ತೋರಿಸಿತು. "ನೋಡಪ್ಪ, ಎಂಥಾ ಮೊಂಡು!" ಎಂದು ಅವನು ಗದರುವಾಗ, ಅವನ ಎಡ ಅಂಗೈ ಪರದೆಯ ಆ ಮೂಲೆಯನ್ನು ಮೆಲ್ಲಗೆ ಮುಚ್ಚಿಕೊಂಡಿತ್ತು.